ಮಿಡಿಯುವ ಹೃದಯದ ಮೇಲಣ ಶಸ್ತ್ರಚಿಕಿತ್ಸೆ

ಹೃದಯವು ಸಕಲ ಅವಯವಗಳಿಗೂ ರಕ್ತವನ್ನೊದಗಿಸುವುದೆಂಬುದನ್ನು ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಆದರೆ ಹೃದಯಕ್ಕೂ ಪೋಷಣೆಯು ಬೇಕಷ್ಟೆ? ಮಹಾಧಮನಿಯ ಬುಡದಿಂದ ಹೊರಡುವ ಎರಡು ಕಿರೀಟಧಮನಿಗಳು ಅದರ ಮೈಮೇಲೆ ಕವಲೊಡೆದು ಈ ಕಾರ್ಯವನ್ನು ನೆರವೇರಿಸುವುವು. ಇವುಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿಯು ಕಿರಿದಾದರೆ ಎದೆನೋವುಂಟಾಗುವುದು. ಪೂರ್ಣವಾಗಿ ಮುಚ್ಚಿದರೆ ಹೃದಯದ ಮಾಂಸಖಂಡವೇ ಸಾಯಲಾರಂಭಿಸುವುದು.

ಕಾಲುವೆಯು ಒಂದೆಡೆ ಹೂತುಹೋದರೆ ರೈತನು ಪಕ್ಕದಲ್ಲಿ ಬೇರೊಂದನ್ನು ತೋಡಿ ಕೆಳಗಣ ಗದ್ದೆಗೆ ನೀರು ಹಾಯಿಸುವನಲ್ಲವೆ? ಹಾಗೆಯೇ ವೈದ್ಯರು ಕಾಲಿನ ರಕ್ತನಾಳವನ್ನಾಗಲಿ ಎದೆಗೋಡೆಯ ಒಳಗಣ ಧಮನಿಯನ್ನಾಗಲಿ ತಂದು, ತಡೆಯ ಮುಂದಣ ಭಾಗಕ್ಕೆ ಹೊಲಿಯುವರು. ಆದರೆ ಹೊಲಿಯಬೇಕಾದ ನಾಳವು ಸುಮಾರು 2 ಮಿಲಿಮೀಟರಿನಷ್ಟೇ ಅಗಲವುಳ್ಳದ್ದು. ಎಡೆಬಿಡದೆ ಮಿಡಿಯುವ ಹೃದಯದ ಮೇಲೆ ಇಂಥ ಸೂಕ್ಷ್ಮವಾದ ಹೊಲಿಗೆಯು ಹೇಗೆ ಸಾಧ್ಯ?

ಅಮೆರಿಕದ ಫಿಲಡೆಲ್ಫಿಯಾ ಪಟ್ಟಣದ ಡಾಕ್ಟರ್ ಜಾನ್ ಗಿಬ್ಬನ್ ಎಂಬವರು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಮಾಡಬಲ್ಲ ಯಂತ್ರವೊಂದನ್ನು ನಿರ್ಮಿಸಿ, 1953ರಲ್ಲಿ 18 ವರ್ಷದ ಯುವತಿಯೊಬ್ಬಳ ಹೃದಯದೊಳಗಣ ರಂಧ್ರವನ್ನು ಮುಚ್ಚಿದರು. ಈ ಯಂತ್ರದ ಬಹುಕಾಲದ ಪ್ರಯೋಗಗಳಲ್ಲಿ ಅವರ ಪತ್ನಿ ಮೇರಿಯವರೂ ಜೊತೆಗೂಡಿ ದುಡಿದರೆಂಬುದು ಸ್ಮರಣೀಯ. ಯಂತ್ರದ ಸಹಾಯದಿಂದ ಹೃದಯವನ್ನು ನಿಲ್ಲಿಸಿ ಹೊಲಿಯುವುದು ಮುಂದೆ ವಾಡಿಕೆಯಾಯಿತು.

ಆದರೆ ರಕ್ತವು ಯಂತ್ರದ ಕೊಳವೆಗಳನ್ನು ಸೋಕಿದಾಗ ಶರೀರವಿಡೀ ಉರಿಯೂತವುಂಟಾಗಬಹುದು. ಮಹಾಧಮನಿಗೆ ಕೊಳವೆಯನ್ನು ಸೇರಿಸಿ ಅದನ್ನು ಇಕ್ಕಳದಿಂದ ಅದುಮುವಾಗ ಅದರೊಳಗಣ ಕೊಬ್ಬಿನ ಚೂರುಗಳು ಕಳಚಿ ಮೆದುಳನ್ನು ಸೇರುವ ಅಪಾಯವೂ ಉಂಟು. ಯಂತ್ರವಿಲ್ಲದೆಯೂ ಈ ಕಾರ್ಯವು ಸಾಧ್ಯವೆಂಬುದನ್ನು ಲೆನಿನ್‌ಗ್ರಾಡಿನ ಡಾಕ್ಟರ್ ವಾಸಿಲಿ ಕೊಲೆಸೊವ್ ಅವರು 1964ರಲ್ಲಿಯೇ ತೋರಿಸಿದ್ದರು. ಎದೆಯ ಒಳಧಮನಿಯನ್ನು ಮಿಡಿಯುವ ಹೃದಯದ ಕಿರೀಟಧಮನಿಗೆ ಅವರು ಹೊಲಿದರು.

1990ರ ದಶಕದಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ವೈದ್ಯರು 'ಆಕ್ಟೋಪಸ್' ಎಂಬ ಉಪಕರಣವನ್ನು ರಚಿಸಿದರು. ಆ ಜಲಚರದ ತೋಳುಗಳಂತೆ ಇದರ ಪುಟ್ಟ ಬಟ್ಟಲುಗಳು ಹೃದಯದ ಮೇಲ್ಮೈಯನ್ನು ಹೀರಿ ಹಿಡಿಯುವುವು. ಹೊಲಿಯುವ ಸ್ಥಳವು ಮಾತ್ರ ಬಹುಮಟ್ಟಿಗೆ ಅಲುಗದೆ ನಿಲ್ಲುವುದು. ಉಳಿದ ಹೃದಯವು ತನ್ನ ಕರ್ತವ್ಯವನ್ನು ಬಿಡದು. ಅಗತ್ಯವಾದರೆ ಬಳಸಲೆಂದು ಯಂತ್ರವನ್ನೂ ಸಿದ್ಧವಾಗಿಟ್ಟಿರುವರು.

ಹಾಗಾದರೆ ಯಾವ ವಿಧಾನವು ಮೇಲು? 19 ದೇಶಗಳ 4,752 ರೋಗಿಗಳನ್ನು ಐದು ವರ್ಷಗಳ ವರೆಗೆ ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡಕ್ಕೂ ಗಣನೀಯವಾದ ಅಂತರವು ಕಾಣಲಿಲ್ಲ. ಅಮೆರಿಕದ ಮಾಜಿ ಸೈನಿಕರನ್ನು ಕುರಿತ 2017ರ ವರದಿಯಲ್ಲಿಯಾದರೋ ಯಂತ್ರವಿಲ್ಲದೆ ಚಿಕಿತ್ಸೆ ಪಡೆದವರಲ್ಲಿ ಐದು ವರ್ಷ ಬದುಕಿದವರ ಪ್ರಮಾಣವು ಕೊಂಚ ಕಡಿಮೆಯಾಗಿತ್ತು. ಮಹಾಧಮನಿಯು ಸುಣ್ಣಗಟ್ಟಿ ಗಡುಸಾದವರಿಗೆ ಅದನ್ನು ಮುಟ್ಟದೆ ಮಾಡುವ ಚಿಕಿತ್ಸೆಯು ವಿಶೇಷವಾಗಿ ಉಪಕಾರಿ. ಆದರೆ ಅದಕ್ಕೆ ಪಳಗಿದ ಕೈಯೂ ಬೇಕು.

ಆದುದರಿಂದ ಮನೆಯ ಹಿರಿಯರಿಗೆ ಇಂಥ ಚಿಕಿತ್ಸೆಯು ಬೇಕಾದಾಗ, ಯಾವುದು ಹೊಸದೆಂದು ಕೇಳುವುದಕ್ಕಿಂತ ಈ ರೋಗಿಗೆ ಯಾವುದು ತಕ್ಕದ್ದು, ವೈದ್ಯರಿಗೆ ಯಾವುದರಲ್ಲಿ ಹೆಚ್ಚಿನ ಅಭ್ಯಾಸವುಂಟು ಎಂದು ವಿಚಾರಿಸುವುದೇ ವಿವೇಕ. ಸೃಷ್ಟಿಕರ್ತನು ಕೊಟ್ಟ ಬುದ್ಧಿಯ ಸದುಪಯೋಗವೂ ಇದೇ ಅಲ್ಲವೆ?