ಕಾಳಿಘಾಟ್‌ನ ಆ ಮನೆ: ಒಳ್ಳೆಯದು ಅಂತ ಹೇಗೆ ತೀರ್ಮಾನಿಸೋದು?

ಸೇವೆ ಮಾಡುವವರ ಮನಸ್ಸು ಶುದ್ಧವಾಗಿದ್ದರೆ ಸಾಕೇ, ಅಥವಾ ಸೇವೆ ಪಡೆದವರಿಗೆ ಏನಾಯಿತು ಅಂತಲೂ ನೋಡಬೇಕೇ? ಇವತ್ತಿನ ಪಾಠ ಇದೇ. ಇದಕ್ಕೆ ಕೊಲ್ಕತ್ತಾದ ಕಾಳಿಘಾಟ್‌ಗಿಂತ ಒಳ್ಳೆ ಉದಾಹರಣೆ ನನಗೆ ಸಿಗಲಿಲ್ಲ.

ಅಲ್ಲಿ ಕಾಳಿ ದೇವಸ್ಥಾನದ ಪಕ್ಕದಲ್ಲೇ ಯಾತ್ರಿಕರು ತಂಗುತ್ತಿದ್ದ ಒಂದು ಕಟ್ಟಡವಿತ್ತು. 1952ರಲ್ಲಿ ನಗರಪಾಲಿಕೆ ಅದನ್ನು ಮದರ್ ತೆರೇಸಾ ಅವರಿಗೆ ಕೊಟ್ಟಿತು. ಬೀದಿಯಲ್ಲಿ ಸಾಯುತ್ತಿದ್ದವರಿಗಾಗಿ ‘ನಿರ್ಮಲ ಹೃದಯ’ ಶುರುವಾಯಿತು. 1994ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನ ರಾಬಿನ್ ಫಾಕ್ಸ್ ಅಲ್ಲಿಗೆ ಹೋಗಿ ಬಂದು ಬರೆದರು. ಸ್ವಚ್ಛತೆ, ಗಾಯಗಳ ಆರೈಕೆ, ಪ್ರೀತಿ ಎಲ್ಲವನ್ನೂ ಮೆಚ್ಚಿದರು. ಆದರೆ ಬಲವಾದ ನೋವು ನಿವಾರಕ ಇಲ್ಲ, ವಾಸಿಯಾಗುವ ರೋಗಿ ಯಾರು, ಆಗದವರು ಯಾರು ಅಂತ ಗುರುತಿಸುವ ವ್ಯವಸ್ಥೆ ಇಲ್ಲ ಎಂದರು.

ಈಗ ಅಳತೆಗೋಲು ತೆಗೆಯೋಣ. ಬೆಂಥಮ್, ಮಿಲ್ ಅವರದು ಪರಿಣಾಮದ ದಾರಿ: ನೋವು ಎಷ್ಟು ಕಡಿಮೆಯಾಯಿತು ಹೇಳಿ, ಉಳಿದದ್ದು ಆಮೇಲೆ. ಕಾಂಟ್ ನೋಡುವುದು ಕರ್ತವ್ಯವನ್ನು: ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದು, ಸೇವಕನ ಪುಣ್ಯಕ್ಕೂ ಬಳಸಬಾರದು. ಅರಿಸ್ಟಾಟಲ್ ಗುಣ ನೋಡುತ್ತಾನೆ. ಆದರೆ ಅವನ ಪಟ್ಟಿಯಲ್ಲಿ ವಿವೇಕವೂ ಒಂದು ಗುಣ, ಕರುಣೆಯೊಂದೇ ಇದ್ದರೆ ಸಾಲದು. (ನಮ್ಮ ಸಪೋರ್ಟ್ ಕೆಲಸದಲ್ಲೂ ಟಿಕೆಟ್ ಕ್ಲೋಸ್ ಆಗುವುದು ಬೇರೆ, ಸಮಸ್ಯೆ ಹೋಗುವುದು ಬೇರೆ!)

ಜನ ಜಗಳವಾಡುವಾಗ ಒಂದು ಕಡೆ ಎಡವುತ್ತಾರೆ. “ಅಲ್ಲಿ ಮಾರ್ಫಿನ್ ಇತ್ತೇ?” ಎಂಬುದು ಸಂಗತಿಯ ಪ್ರಶ್ನೆ. “ಇರಬೇಕಿತ್ತೇ?” ಎಂಬುದು ಮೌಲ್ಯದ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಎರಡನೆಯದು ತಾನಾಗಿ ಬಗೆಹರಿಯುವುದಿಲ್ಲ. ಇದನ್ನು ಎತ್ತಿ ತೋರಿಸಿದವನು ಹ್ಯೂಮ್.

ಇನ್ನೊಂದು ಸೂತ್ರವಿದೆ: ಮಾಡಲು ಸಾಧ್ಯವಿಲ್ಲದ್ದನ್ನು ‘ಮಾಡಬೇಕಿತ್ತು’ ಅನ್ನುವ ಹಾಗಿಲ್ಲ. 1985ರ ಮಾದಕ ವಸ್ತು ಕಾಯ್ದೆಯಿಂದ ನಮ್ಮ ದೇಶದ ಆಸ್ಪತ್ರೆಗಳಿಗೇ ಮಾರ್ಫಿನ್ ಸಿಗುವುದು ಕಷ್ಟವಾಗಿತ್ತು. ನಿಯಮ ಸಡಿಲವಾದದ್ದು 2014ರ ತಿದ್ದುಪಡಿಯಿಂದ. ಫಾಕ್ಸ್ ಲೇಖನ ಬಂದ ಮುಂದಿನ ತಿಂಗಳೇ ಅದೇ ಪತ್ರಿಕೆಗೆ ಪತ್ರ ಬರೆದವರು ಕಾನೂನಿನ ಈ ಅಡ್ಡಿಯನ್ನೇ ಹೇಳಿದ್ದರು. ಹಾಗಾಗಿ ಮಾರ್ಫಿನ್ ವಿಷಯದಲ್ಲಿ ಆ ಮನೆಯನ್ನು ಪೂರ್ತಿ ದೂರುವುದು ನನಗೆ ನ್ಯಾಯ ಅನ್ನಿಸುವುದಿಲ್ಲ.

ಸೂಜಿಯ ವಿಷಯ ಬೇರೆ. ಸೂಜಿಗಳನ್ನು ತಣ್ಣೀರಲ್ಲಿ ತೊಳೆದು ಮತ್ತೆ ಬಳಸುತ್ತಿದ್ದರು ಎಂಬ ಸ್ವಯಂಸೇವಕಿಯೊಬ್ಬರ ಹೇಳಿಕೆ ಹಿಚೆನ್ಸ್ ಅವರ 1995ರ ಪುಸ್ತಕದಲ್ಲಿದೆ. ಅದು ನಿಜವಾಗಿದ್ದರೆ ಯಾವ ಕಾಯ್ದೆಯೂ ಅಡ್ಡಿಯಿರಲಿಲ್ಲ, ಕುದಿಸಲು ಒಂದು ಒಲೆ ಸಾಕಿತ್ತು. ಇಲ್ಲಿ ಮೂರು ಅಳತೆಗೋಲೂ ಒಂದೇ ಉತ್ತರ ಕೊಡುತ್ತವೆ.

ಮಂಡಲ ಕಾಲ ಬರುತ್ತಿದೆ, ಅನ್ನದಾನದ ಶಿಬಿರಗಳು ಶುರುವಾಗುತ್ತವೆ. ನಿಮ್ಮ ಶಿಬಿರದಲ್ಲಿ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸುವವರು ಯಾರು ಅಂತ ಗೊತ್ತಿರುವ ಸ್ವಾಮಿಗಳು ಕೆಳಗೆ ಬರೆಯಿರಿ.

ಸ್ವಾಮಿಯೇ ಶರಣಂ ಅಯ್ಯಪ್ಪ.