ಅರ್ಥಶಾಸ್ತ್ರ ಪದವಿಗೆ ಶಿಕ್ಷಣ ಸಾಲ: ಗಳಿಕೆ ಮತ್ತು ಕಂತಿನ ಲೆಕ್ಕ

ವರ್ತಕ ಕುಟುಂಬಗಳಲ್ಲಿ ಮಕ್ಕಳನ್ನು ಬಿ.ಕಾಂ.ಗೆ ಸೇರಿಸುವುದು ಬಹುಕಾಲದ ರೂಢಿ. ಈಚೆಗೆ ಅರ್ಥಶಾಸ್ತ್ರದ ಆನರ್ಸ್ ಪದವಿಯತ್ತ, ಅದರಲ್ಲಿಯೂ ಖಾಸಗಿ ವಿಶ್ವವಿದ್ಯಾಲಯಗಳು ನೀಡುವ ಪದವಿಯತ್ತ, ಮಕ್ಕಳ ಒಲವು ಹರಿದಿದೆ. ಲೆಕ್ಕಪತ್ರಗಳೊಂದಿಗೆ ಕಚೇರಿಗೆ ಬರುವ ಸದಸ್ಯರು ಎದ್ದು ಹೊರಡುವ ಮುನ್ನ ಕೇಳುವ ಪ್ರಶ್ನೆ ಇದು: "ಸಾಲ ಮಾಡಿ ಓದಿಸಬಹುದೇ?" ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ಲೆಕ್ಕ ಹಾಕುವ ಕ್ರಮವೊಂದಿದೆ.

ಮೊದಲು ಸಾಲದ ಭಾಗವನ್ನು ನೋಡೋಣ. ಮೂರು ವರ್ಷದ ಪದವಿಗೆ ಪ್ರತಿ ವರ್ಷದ ಆರಂಭದಲ್ಲಿ ರೂ. 3 ಲಕ್ಷದಂತೆ ಒಟ್ಟು ರೂ. 9 ಲಕ್ಷ ಸಾಲ ಪಡೆದಿದ್ದೀರೆಂದೂ ಬಡ್ಡಿ ಶೇ. 10 ಎಂದೂ ಇಟ್ಟುಕೊಳ್ಳಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ ವ್ಯಾಸಂಗದ ಅವಧಿ ಹಾಗೂ ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಕಂತು ಇಲ್ಲವೆಂದರೆ ಬಡ್ಡಿಯೂ ಇಲ್ಲವೆಂದು ಅನೇಕರು ಭಾವಿಸುತ್ತಾರೆ, ಇದು ಸರಿಯಲ್ಲ. ಆ ನಾಲ್ಕು ವರ್ಷಗಳಲ್ಲಿ ಸರಳ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲ ಬಿಡುಗಡೆಯ ಮೇಲೆ ರೂ. 1,20,000, ಎರಡನೆಯದರ ಮೇಲೆ ರೂ. 90,000, ಮೂರನೆಯದರ ಮೇಲೆ ರೂ. 60,000, ಒಟ್ಟು ರೂ. 2,70,000 ಅಸಲಿಗೆ ಸೇರಿ, ಮರುಪಾವತಿ ಆರಂಭವಾಗುವ ದಿನ ಬಾಕಿ ರೂ. 11,70,000 ಆಗಿರುತ್ತದೆ. ಹತ್ತು ವರ್ಷಗಳ ಅವಧಿಗೆ ಮಾಸಿಕ ಕಂತು ಸುಮಾರು ರೂ. 15,460. ಕಟ್ಟುವ ಒಟ್ಟು ಮೊತ್ತ ರೂ. 18.55 ಲಕ್ಷ.

ಓದುವಾಗಲೇ ತಂದೆಯು ಬಡ್ಡಿಯನ್ನು ಆಗಿಂದಾಗ್ಗೆ ಕಟ್ಟಿದರೆ ಕಂತು ಸುಮಾರು ರೂ. 11,890ಕ್ಕೆ ಇಳಿಯುತ್ತದೆ, ಒಟ್ಟಾರೆ ಒಂದೂವರೆ ಲಕ್ಷಕ್ಕೂ ಮೀರಿದ ಉಳಿತಾಯ.

ಇನ್ನು ಗಳಿಕೆಯ ಭಾಗ. ಇಲ್ಲಿ ಸಾಮಾನ್ಯವಾಗಿ ಪೂರ್ಣ ಸಂಬಳವನ್ನು ಕಂತಿನ ಎದುರಿಗೆ ಇಟ್ಟು ನೋಡುತ್ತಾರೆ. ಇಡಬೇಕಾದದ್ದು ಹೆಚ್ಚುವರಿ ಸಂಬಳವನ್ನು ಮಾತ್ರ. ಅಂದರೆ, ಊರಿನ ಕಾಲೇಜಿನಲ್ಲಿ ಸಾಲವಿಲ್ಲದೆ ಓದಿದ್ದರೆ ಸಿಗುತ್ತಿದ್ದ ಸಂಬಳಕ್ಕಿಂತ ಎಷ್ಟು ಅಧಿಕ ಬಂದಿತು ಎಂಬುದು ಮುಖ್ಯ. ಅಂಗಡಿಯ ಎರಡನೆಯ ಶಾಖೆಗೆ ಸಾಲ ಮಾಡುವಾಗ ಮೊದಲ ಶಾಖೆಯ ಲಾಭವನ್ನು ಅದಕ್ಕೆ ಜಮಾ ಹಾಕುವವರು ನಮ್ಮಲ್ಲಿ ಯಾರೂ ಇಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಈ ಶಿಸ್ತು ಸಡಿಲವಾಗುತ್ತದೆ.

ಊಹೆಗೆ, ಸ್ಥಳೀಯ ಪದವೀಧರನಿಗೆ ಕೈಗೆ ಬರುವ ಸಂಬಳ ರೂ. 18,000, ಸಾಲದ ಪದವೀಧರನಿಗೆ ರೂ. 25,000 ಎನ್ನಿ. ವ್ಯತ್ಯಾಸ ರೂ. 7,000. ಇಬ್ಬರಿಗೂ ವರ್ಷಕ್ಕೆ ಶೇ. 8ರ ಏರಿಕೆ ದೊರೆತರೂ, ಹತ್ತು ಬಡ್ತಿಗಳ ನಂತರ ಆ ವ್ಯತ್ಯಾಸ ರೂ. 15,110ರ ಆಸುಪಾಸು ತಲುಪುತ್ತದೆ. ಎಂದರೆ ಸಾಲ ತೀರುವ ಕೊನೆಯ ವರ್ಷದಲ್ಲಿಯೂ ಪದವಿಯು ತಂದ ಅಧಿಕ ಆದಾಯ ತನ್ನ ಕಂತನ್ನು ತಾನೇ ಹೊರಲಾರದು. ಅಷ್ಟೂ ವರ್ಷ ಕೊರತೆ ತುಂಬುವುದು ಮಗನ ಊಟ-ಬಾಡಿಗೆಯ ಹಣ, ಇಲ್ಲವೇ ತಂದೆಯ ಗಲ್ಲಾಪೆಟ್ಟಿಗೆ. ಅವಧಿಯನ್ನು ಹದಿನೈದು ವರ್ಷಕ್ಕೆ ಎಳೆದರೆ ಕಂತು ರೂ. 12,570ಕ್ಕೆ ಇಳಿದೀತು, ಆದರೆ ಒಟ್ಟು ಪಾವತಿ ರೂ. 22.6 ಲಕ್ಷ ದಾಟುತ್ತದೆ. ಇವು ಊಹೆಯ ಅಂಕಿಗಳು. ಓದುಗರು ತಮಗೆ ತಿಳಿದ ಶುಲ್ಕ ಹಾಗೂ ಸಂಬಳಗಳನ್ನು ಇಟ್ಟು ಇದೇ ಕ್ರಮದಲ್ಲಿ ಪರಿಶೀಲಿಸಬಹುದು.

ಇಂಗ್ಲೆಂಡಿನಲ್ಲಿ 2023ರಿಂದ ಪದವಿಗೆ ಸೇರಿದವರು ನಿಗದಿತ ಮಿತಿಯನ್ನು ಮೀರಿದ ಆದಾಯದ ಶೇ. 9ನ್ನು ಮಾತ್ರ ಕಟ್ಟುತ್ತಾರೆ; 40 ವರ್ಷಗಳ ನಂತರ ಉಳಿದದ್ದು ಮನ್ನಾ. ನಮ್ಮ ಬ್ಯಾಂಕಿನ ಕಂತು ಆದಾಯವನ್ನು ಕೇಳುವುದಿಲ್ಲ. ತಂದೆ ಅಥವಾ ತಾಯಿ ಸಹ ಸಾಲಗಾರರಾಗಿರುವುದರಿಂದ, ಮಗನ ಕಂತು ತಪ್ಪಿದರೆ ಸಿಬಿಲ್ ದಾಖಲೆಯಲ್ಲಿ ಅವರ ಹೆಸರೂ ಕೆಡುತ್ತದೆ. ವ್ಯಾಪಾರದ ಕ್ಯಾಷ್ ಕ್ರೆಡಿಟ್ ಮಿತಿ ನವೀಕರಿಸುವ ದಿನ ಅದು ಎದುರಿಗೆ ಬಂದು ನಿಲ್ಲುತ್ತದೆ.

ಹಾಗೆಂದು ಅರ್ಥಶಾಸ್ತ್ರವೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಈ ವಿಷಯದಲ್ಲಿ ಗಳಿಕೆಯ ಬಾಗಿಲು ತೆರೆಯುವುದು ಬಹುಮಟ್ಟಿಗೆ ಸ್ನಾತಕೋತ್ತರ ಪದವಿಯ ನಂತರ. ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಕೂರಲು, ರಿಸರ್ವ್ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗದ ಗ್ರೇಡ್ 'ಬಿ' ಹುದ್ದೆಗೆ, ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ, ಮೂರಕ್ಕೂ ಸ್ನಾತಕೋತ್ತರ ಪದವಿ ಅಗತ್ಯ. ಬಿ.ಎ.ಗೇ ಸಾಲದ ಶಕ್ತಿಯನ್ನೆಲ್ಲ ವ್ಯಯಿಸಿದ ಕುಟುಂಬ, ಎಂ.ಎ. ಸೀಟು ಸಿಕ್ಕಾಗ ಕೈಚೆಲ್ಲಿ ಕೂರುವುದನ್ನು ಕಂಡಿದ್ದೇನೆ. ಆದ್ದರಿಂದ ಪದವಿಯನ್ನು ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ, ಗಣಿತ ಹಾಗೂ ಸಂಖ್ಯಾಶಾಸ್ತ್ರವನ್ನು ಬಿಡದೆ, ಮುಗಿಸಿ. ಸಾಲವನ್ನು ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಪುಣೆಯ ಗೋಖಲೆ ಸಂಸ್ಥೆಯಂತಹ ಕಡೆ ಪ್ರವೇಶ ದೊರೆತಾಗ ಮಾಡುವುದು ಯುಕ್ತ. ಬೆಂಗಳೂರಿನಲ್ಲಿಯೇ 2017ರಲ್ಲಿ ಆರಂಭವಾದ, ಡಾ. ಬಿ.ಆರ್. ಅಂಬೇಡ್ಕರ್ ಹೆಸರಿನ ಸರ್ಕಾರಿ ಅರ್ಥಶಾಸ್ತ್ರ ಸಂಸ್ಥೆಯನ್ನೂ ವಿಚಾರಿಸಬಹುದು.

ಸರ್ಕಾರದ ನೆರವಿನ ಬಗ್ಗೆ ಎರಡು ಮಾತು. 2009ರ ಕೇಂದ್ರ ಬಡ್ಡಿ ಸಹಾಯಧನ ಯೋಜನೆ ತಾಂತ್ರಿಕ ಹಾಗೂ ವೃತ್ತಿಪರ ಶಿಕ್ಷಣಕ್ಕೆ ಸೀಮಿತ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಗೆ ಆ ನಿರ್ಬಂಧವಿಲ್ಲ. ಅದರಲ್ಲಿ ವಾರ್ಷಿಕ ಆದಾಯ ರೂ. 8 ಲಕ್ಷದವರೆಗಿನ ಕುಟುಂಬಕ್ಕೆ ರೂ. 10 ಲಕ್ಷದವರೆಗಿನ ಸಾಲದ ಮೇಲೆ, ಕಂತಿಲ್ಲದ ಅವಧಿಯಲ್ಲಿ ಶೇ. 3ರ ಬಡ್ಡಿ ರಿಯಾಯಿತಿ ಉಂಟು. ಆದರೆ ಸಂಸ್ಥೆಯು ಯೋಜನೆಯ ಪಟ್ಟಿಯಲ್ಲಿರಬೇಕು. ಶುಲ್ಕ ಕಟ್ಟುವ ಮುನ್ನವೇ ಪಟ್ಟಿ ನೋಡಿಕೊಳ್ಳತಕ್ಕದ್ದು.

ಆದಾಯ ತೆರಿಗೆಯಲ್ಲಿ, 80ಇ ಕಲಮೆಂದು ನಮಗೆಲ್ಲ ಪರಿಚಿತವಾದ ರಿಯಾಯಿತಿ ಬಡ್ಡಿಗೆ ಮಾತ್ರ, ಅಸಲಿಗಿಲ್ಲ. ಮೊತ್ತಕ್ಕೆ ಮಿತಿಯಿಲ್ಲ, ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷಗಳಿಗೆ ದೊರೆಯುತ್ತದೆ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದ ವ್ಯಕ್ತಿಗೆ ಮಾತ್ರ ಇದು ಲಭ್ಯ. ಅವಿಭಕ್ತ ಕುಟುಂಬದ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಕಟ್ಟಿದರೆ ಇಲ್ಲ. ಬಂಧುಗಳಿಂದ ಪಡೆದ ಕೈಸಾಲಕ್ಕೂ ಇಲ್ಲ.

ನಮ್ಮ ಸದಸ್ಯರಲ್ಲಿ ಹೆಚ್ಚಾಗಿ ಕಾಣುವುದು ಬೇರೆಯೇ ರೂಢಿ. ಬ್ಯಾಂಕಿಗೆ ಅಲೆಯುವುದೇಕೆಂದು ಅಂಗಡಿಯ ಕ್ಯಾಷ್ ಕ್ರೆಡಿಟ್ ಖಾತೆಯಿಂದಲೇ ಶುಲ್ಕದ ಚೆಕ್ಕು ಬರೆಯುತ್ತಾರೆ. ಆ ಹಣ ಸ್ವಂತ ಖರ್ಚು, ಅಂದರೆ ಡ್ರಾಯಿಂಗ್ಸ್. ಅದರ ಮೇಲಿನ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ತೋರಿಸಿದರೆ ತೆರಿಗೆ ಅಧಿಕಾರಿ ತಳ್ಳಿಹಾಕಬಹುದು. ಶಿಕ್ಷಣ ಸಾಲವಲ್ಲದ ಕಾರಣ 80ಇ ರಿಯಾಯಿತಿಯೂ ದಕ್ಕುವುದಿಲ್ಲ. ಜೊತೆಗೆ ಹಬ್ಬದ ಸರಕು ತುಂಬುವ ಕಾಲಕ್ಕೆ ಮಿತಿ ಬರಿದಾಗಿರುತ್ತದೆ. ಹೀಗೆ ಈಗಾಗಲೇ ತೆಗೆದವರು ಆ ಮೊತ್ತವನ್ನು ಬಂಡವಾಳ ಖಾತೆಗೆ ಖರ್ಚು ಬರೆದು, ಉಳಿದ ವರ್ಷಗಳ ಶುಲ್ಕಕ್ಕಾದರೂ ವಿದ್ಯಾರ್ಥಿಯ ಹೆಸರಿನಲ್ಲಿ ಪ್ರತ್ಯೇಕ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕತಕ್ಕದ್ದು.