ಹತ್ತು ದಿನದ ಪ್ರವಾಸ ಮತ್ತು ಹಿಂತಿರುಗಿದ ಮೇಲಿನ ಪಾಠ



ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ನಾವು ಅವಸರದಿಂದ ದಾಟಿಹೋಗುವ ಎರಡು ವಚನಗಳಿವೆ (6:30-31). ಪ್ರಭು ಯೇಸು ಹನ್ನೆರಡು ಮಂದಿಯನ್ನು ಇಬ್ಬಿಬ್ಬರನ್ನಾಗಿ ಊರೂರಿಗೆ ಕಳುಹಿಸಿದ್ದರು. ಪ್ರೇಷಿತರು ಹಿಂತಿರುಗಿ ಬಂದು ತಾವು ಮಾಡಿದ್ದನ್ನೂ ಬೋಧಿಸಿದ್ದನ್ನೂ ಒಂದೂ ಬಿಡದೆ ಹೇಳಿಕೊಳ್ಳುತ್ತಾರೆ. ಪ್ರಭು ಅವರನ್ನು ಶಭಾಷ್ ಎನ್ನುವುದೂ ಇಲ್ಲ, ಗದರಿಸುವುದೂ ಇಲ್ಲ. ಜನರ ಗದ್ದಲದಿಂದ ಬೇರೆಯಾಗಿ ಒಂದು ಏಕಾಂತ ಸ್ಥಳಕ್ಕೆ ಕರೆಯುತ್ತಾರೆ. ಹೋಗಿಬಂದವರಿಗೆ ಮೊದಲು ಬೇಕಾದದ್ದು ಸ್ವಲ್ಪ ಮೌನ ಎಂಬುದು ಅವರಿಗೆ ತಿಳಿದಿತ್ತು.

ನಮ್ಮ ಧರ್ಮಕೇಂದ್ರಗಳಲ್ಲೂ ಈಗ ಇಂಥ ಹೋಗಿಬಂದವರಿದ್ದಾರೆ. ಕಾಲೇಜಿನ ವತಿಯಿಂದ ಹತ್ತು ದಿನವೋ ಮೂರು ವಾರವೋ ವಿದೇಶಕ್ಕೆ ಅಧ್ಯಯನ ಪ್ರವಾಸ ಹೋಗುವ ಯುವಕ ಯುವತಿಯರು ಮೊದಲಿಗಿಂತ ಹೆಚ್ಚು. ಬಂದ ಮಗಳನ್ನೋ ಮಗನನ್ನೋ ನಾವು ಕೇಳುವುದೇನು? ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿದೆ, ಫೋಟೋ ತೋರಿಸು. ಅರ್ಧ ಗಂಟೆಯಲ್ಲಿ ಪ್ರವಾಸ ಮುಗಿದುಹೋಗುತ್ತದೆ. ಖರ್ಚಾದ ಹಣ ಮಾತ್ರ ಅಪ್ಪನಿಗೆ ವರ್ಷವಿಡೀ ನೆನಪಿರುತ್ತದೆ!

ಇಷ್ಟು ಚಿಕ್ಕ ಪ್ರವಾಸದಿಂದ ವಿದ್ಯಾರ್ಥಿ ನಿಜವಾಗಿ ಏನು ಕಲಿಯಬಲ್ಲ, ಕಂಡದ್ದರ ಬಗ್ಗೆ ಹೇಗೆ ಚಿಂತಿಸಬೇಕು ಎಂಬುದನ್ನು ಈ ವಾರ ವಿಚಾರಿಸೋಣ. ಉದಾಹರಣೆಗೆ ನಾನು ಆರಿಸಿಕೊಂಡಿರುವುದು ದೂರದ ಎಲ್ ಸಾಲ್ವಡೋರ್ ದೇಶವನ್ನು. ಅಮೆರಿಕದ ಯೇಸುಸಭೆಯ ವಿಶ್ವವಿದ್ಯಾಲಯಗಳಿಂದ ಅಲ್ಲಿಗೆ ಎಷ್ಟೋ ವರ್ಷಗಳಿಂದ ವಿದ್ಯಾರ್ಥಿ ತಂಡಗಳು ಒಂದೆರಡು ವಾರಗಳ ಮಟ್ಟಿಗೆ ಹೋಗಿಬಂದಿವೆ. ಹಗಲು ಕಂಡದ್ದನ್ನು ಸಂಜೆ ಒಟ್ಟಿಗೆ ಕುಳಿತು ಪರಿಶೀಲಿಸುವುದು ಆ ಪ್ರವಾಸಗಳ ಪದ್ಧತಿ. ಆದ್ದರಿಂದ ನಮಗೆ ಅಲ್ಲಿ ಕಲಿಯುವುದಕ್ಕೆ ಬಹಳವಿದೆ.

ರಕ್ಷಕನ ಹೆಸರಿನ ದೇಶ

ಎಲ್ ಸಾಲ್ವಡೋರ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ 'ರಕ್ಷಕ' ಎಂದರ್ಥ. ಮಧ್ಯ ಅಮೆರಿಕದ ಅತಿ ಚಿಕ್ಕ ದೇಶ, ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕದ ಸುಮಾರು ಒಂಬತ್ತನೆಯ ಒಂದು ಭಾಗ. 1980ರಿಂದ 1992ರವರೆಗೆ ಅಲ್ಲಿ ಅಂತರ್ಯುದ್ಧ ನಡೆದು ಸುಮಾರು 75,000 ಜನ ಪ್ರಾಣ ಕಳೆದುಕೊಂಡರು. ಬಡ ರೈತರ ಪರವಾಗಿ ದನಿ ಎತ್ತಿದ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅವರನ್ನು 1980ರ ಮಾರ್ಚ್ 24ರಂದು ಆಸ್ಪತ್ರೆಯೊಂದರ ಪುಟ್ಟ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದಾಗ ಗುಂಡಿಟ್ಟು ಕೊಂದರು. 2018ರ ಅಕ್ಟೋಬರ್ 14ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಯೇಸುಸಭೆಯವರು ರಾಜಧಾನಿಯಲ್ಲಿ ನಡೆಸುವ ಮಧ್ಯ ಅಮೆರಿಕ ವಿಶ್ವವಿದ್ಯಾಲಯ 1965ರಲ್ಲಿ ಆರಂಭವಾಯಿತು. 1989ರ ನವೆಂಬರ್ 16ರ ರಾತ್ರಿ ಸೈನಿಕರು ಅದರ ಆವರಣಕ್ಕೆ ನುಗ್ಗಿ, ಕುಲಪತಿ ಇಗ್ನಾಸಿಯೊ ಎಲ್ಯಾಕುರಿಯಾ ಸೇರಿ ಆರು ಮಂದಿ ಗುರುಗಳನ್ನು ಕೊಂದರು. ಅಡುಗೆ ಕೆಲಸದ ಎಲ್ಬಾ ರಾಮೋಸ್ ಮತ್ತು ಅವರ ಹದಿಹರೆಯದ ಮಗಳು ಸೆಲಿನಾ ಹೊರಗೆ ಗುಂಡಿನ ಕಾಳಗವೆಂದು ಹೆದರಿ, ಗುರುಗಳ ಮನೆಯೇ ಕ್ಷೇಮವೆಂದು ಆ ರಾತ್ರಿ ಅಲ್ಲಿ ಮಲಗಿದ್ದರು. ಅವರನ್ನೂ ಬಿಡಲಿಲ್ಲ. ಗುರುಗಳ ದೇಹಗಳು ಬಿದ್ದಿದ್ದ ಹುಲ್ಲುಹಾಸಿನಲ್ಲಿ ಎಲ್ಬಾಳ ಗಂಡ ಗುಲಾಬಿ ಗಿಡಗಳನ್ನು ನೆಟ್ಟ. ಇಂದಿಗೂ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುತ್ತಾರೆ. ಪಕ್ಕದ ದೇವಾಲಯದ ಹಿಂಗೋಡೆಯ ಮೇಲೆ ಹಿಂಸೆಗೊಳಗಾದ ಮನುಷ್ಯ ದೇಹಗಳ ರೇಖಾಚಿತ್ರಗಳಿವೆ. ಪೀಠದತ್ತ ಮುಖಮಾಡಿ ಕುಳಿತವನಿಗೆ ಅವು ಕಾಣುವುದಿಲ್ಲ. ಪೂಜೆ ಮುಗಿಸಿ ಹೊರಡಲು ತಿರುಗಿದಾಗ ಕಾಣುತ್ತವೆ.

ಇದನ್ನೆಲ್ಲ ನೋಡಿದ ಇಪ್ಪತ್ತು ವರ್ಷದ ಹುಡುಗನ ಮನಸ್ಸು ಕಲಕದೆ ಇರುತ್ತದೆಯೇ? ಕಲಕಬೇಕು. ಇಡೀ ಯೇಸುಸಭೆಗೆ ಆಗ ಶ್ರೇಷ್ಠರಾಗಿದ್ದ ವಂದನೀಯ ಪೀಟರ್ ಹ್ಯಾನ್ಸ್ ಕೊಲ್ವೆನ್‌ಬಾಕ್ ಅವರು 2000ದ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ವಿಶ್ವವಿದ್ಯಾಲಯದಲ್ಲಿ ಮಾತನಾಡುತ್ತ, ನೇರ ಅನುಭವ ಹೃದಯವನ್ನು ತಟ್ಟಿದಾಗ ಬುದ್ಧಿಯೂ ಬದಲಾವಣೆಗೆ ತೆರೆದುಕೊಳ್ಳಬಹುದು ಎಂಬ ಅರ್ಥದಲ್ಲಿ ಹೇಳಿದ್ದರು. ತೆರೆದುಕೊಳ್ಳಬಹುದು ಎಂದರೇ ಹೊರತು ತೆರೆದುಕೊಂಡೇ ತೀರುತ್ತದೆ ಎನ್ನಲಿಲ್ಲ. ನಡುವೆ ಒಂದು ಕೆಲಸ ಉಳಿದಿದೆ. 1993ರಲ್ಲಿ ಯೇಸುಸಭೆ ತನ್ನ ಶಾಲಾ ಕಾಲೇಜುಗಳಿಗಾಗಿ ಹೊರಡಿಸಿದ ಬೋಧನಾ ಮಾರ್ಗದರ್ಶಿ ಆ ಕೆಲಸವನ್ನು 'ಚಿಂತನೆ' ಎಂದು ಕರೆದು, ಅನುಭವಕ್ಕೂ ಕ್ರಿಯೆಗೂ ನಡುವೆ ಇಟ್ಟಿದೆ.

'ಬಡವರು, ಆದರೆ ಎಷ್ಟು ಸಂತೋಷ!'

ಬಡ ದೇಶಗಳಿಗೆ ಹೋಗಿಬಂದ ವಿದ್ಯಾರ್ಥಿಗಳ ಬಾಯಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತನ್ನು ಅನೇಕರು ಗುರುತಿಸಿದ್ದಾರೆ. "ಅವರು ಬಡವರು, ಆದರೆ ಎಷ್ಟು ಸಂತೋಷವಾಗಿದ್ದಾರೆ! ನಮ್ಮಲ್ಲಿ ಎಲ್ಲ ಇದ್ದೂ ನೆಮ್ಮದಿಯಿಲ್ಲ." ಕೇಳುವುದಕ್ಕೆ ಭಕ್ತಿಯ ಮಾತಿನಂತಿದೆ. ಪ್ರಬೋಧನೆಯಲ್ಲೂ ಚೆನ್ನಾಗಿ ಹೊಂದುತ್ತದೆ. ಆದರೆ ಇದನ್ನು ಸ್ವಲ್ಪ ಬಿಚ್ಚಿ ನೋಡೋಣ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಯೇಸುಸಭೆಯ ಬರ್ನಾರ್ಡ್ ಲೊನರ್ಗನ್ ಅವರ ದಪ್ಪ ಗ್ರಂಥ ನಮ್ಮ ಎಷ್ಟೋ ಮಧ್ಯಾಹ್ನಗಳ ನಿದ್ದೆಯನ್ನು ಕಸಿದುಕೊಂಡಿತ್ತು (ಕೆಲವರಿಗೆ ನಿದ್ದೆ ತರಿಸಿಯೂ ಇತ್ತು). 1957ರಲ್ಲಿ ಪ್ರಕಟವಾದ ಆ ಗ್ರಂಥದ ತಿರುಳು, ನಮಗೆ ಇಲ್ಲಿ ಬೇಕಾದಷ್ಟು ಮಟ್ಟಿಗೆ, ಸರಳವಾದದ್ದೇ. ತಿಳಿಯುವುದು ಒಂದೇ ಕ್ರಿಯೆಯಲ್ಲ. ಮೊದಲು ಅನುಭವ, ಆಮೇಲೆ ಅರ್ಥಮಾಡಿಕೊಳ್ಳುವಿಕೆ, ಕೊನೆಗೆ 'ಅದು ಹಾಗೆಯೇ ಹೌದೇ?' ಎಂದು ಕೇಳಿ ಕೊಡುವ ತೀರ್ಪು. ಕಣ್ಣು ಕಂಡ ಕೂಡಲೇ ನಾಲಿಗೆ ತೀರ್ಪು ಕೊಟ್ಟರೆ ನಡುವಿನ ಮೆಟ್ಟಿಲು ತಪ್ಪುತ್ತದೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ವಿದ್ಯಾರ್ಥಿನಿಯೊಬ್ಬಳು ಹಳ್ಳಿಯ ಮನೆಯಲ್ಲಿ ಎರಡು ರಾತ್ರಿ ತಂಗುತ್ತಾಳೆ. ಮನೆಯ ಅಜ್ಜಿ ನಗುನಗುತ್ತಾ ಪುಪುಸಾ ಮಾಡಿ ಬಡಿಸುತ್ತಾಳೆ. ಪುಪುಸಾ ಎಂದರೆ ಒಳಗೆ ಬೀನ್ಸ್ ಕಾಳು, ಚೀಸ್ ತುಂಬಿ ಕಾವಲಿಯ ಮೇಲೆ ಬೇಯಿಸಿದ ಮೆಕ್ಕೆಜೋಳದ ರೊಟ್ಟಿ. ಮೊಮ್ಮಕ್ಕಳು ಕುಣಿದಾಡುತ್ತಿವೆ. ಇಲ್ಲಿಯವರೆಗೆ ಅನುಭವ. ಅಜ್ಜಿ ನಕ್ಕಳು ಎಂಬುದು ಸತ್ಯ. ಆದರೆ ಯಾಕೆ ನಕ್ಕಳು? ಬಂದ ಅತಿಥಿಯ ಮುಂದೆ ಅಳುವ ಅಜ್ಜಿ ನಮ್ಮೂರಲ್ಲಾದರೂ ಇದ್ದಾಳೆಯೇ? ಅಕ್ಕಿ ಡಬ್ಬದ ತಳ ಕಾಣುತ್ತಿದ್ದರೂ ನಮ್ಮ ಹೆಂಗಸರು ಅತಿಥಿಗೆ ಇನ್ನೊಂದು ಸೌಟು ಬಡಿಸುವುದಿಲ್ಲವೇ? ಆ ನಗು ಮರ್ಯಾದೆಯ ನಗು, ಪ್ರೀತಿಯ ನಗು. ಹಸಿವು ಅವಳಿಗೆ ನೋವಾಗುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗಲಾರದು.

ಎರಡನೆಯ ಪ್ರಶ್ನೆ. ಮನೆಯಲ್ಲಿ ಅಜ್ಜಿ ಇದ್ದಾಳೆ, ಮಕ್ಕಳಿದ್ದಾರೆ. ಮಕ್ಕಳ ತಂದೆ ತಾಯಿ ಎಲ್ಲಿ? ಅವರು ಅಮೆರಿಕದಲ್ಲಿ ದುಡಿಯುತ್ತಿದ್ದಾರೆ. ಹೊರದೇಶದಿಂದ ಬರುವ ಹಣ ಎಲ್ ಸಾಲ್ವಡೋರ್‌ನ ರಾಷ್ಟ್ರೀಯ ಆದಾಯದ ಐದನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಕೊಲ್ಲಿ ದೇಶಗಳಿಂದ ಬರುವ ಹಣದಲ್ಲಿ ಮನೆ ಕಟ್ಟಿ, ಅಪ್ಪನ ಮುಖವನ್ನು ಎರಡು ವರ್ಷಕ್ಕೊಮ್ಮೆ ಕಂಡು ಬೆಳೆದ ಮಂಗಳೂರು, ಉಡುಪಿ ಕಡೆಯ ಓದುಗರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಮೂರನೆಯ ಪ್ರಶ್ನೆ. ಅವರು ಊರು ಬಿಟ್ಟದ್ದೇಕೆ? ಕೆಲವರು ಕೂಲಿ ಸಾಲದೆ, ಹಲವರು ಯುದ್ಧದ ಕಾಲದಲ್ಲಿ ಜೀವ ಉಳಿಸಿಕೊಳ್ಳಲು. ಆ ಯುದ್ಧದಲ್ಲಿ ಸರ್ಕಾರದ ಸೈನ್ಯಕ್ಕೆ ಹಣ, ಆಯುಧ, ತರಬೇತಿ ಕೊಟ್ಟವರು ಯಾರು? ಅಮೆರಿಕದ ಸರ್ಕಾರ. ಗುರುಗಳನ್ನು ಕೊಂದ ಅಟ್ಲಾಕಾಟ್ಲ್ ಪಡೆಗೆ ತರಬೇತಿ ಕೊಟ್ಟವರೂ ಅಮೆರಿಕನ್ನರೇ. 1981ರ ಡಿಸೆಂಬರ್‌ನಲ್ಲಿ ಎಲ್ ಮೊಸೊತೆ ಎಂಬ ಹಳ್ಳಿಯಲ್ಲೂ ಸುತ್ತಮುತ್ತಲೂ ನೂರಾರು ರೈತರನ್ನೂ ಹೆಂಗಸರನ್ನೂ ಮಕ್ಕಳನ್ನೂ ಕೊಂದದ್ದೂ ಅದೇ ಪಡೆ.

ನೋಡಿ, ನಾಲ್ಕು ಪ್ರಶ್ನೆಗಳಲ್ಲಿ ವಿದ್ಯಾರ್ಥಿನಿ ಎಲ್ಲಿಗೆ ಬಂದು ನಿಂತಳು? ಅಜ್ಜಿಯ ಅಡುಗೆಮನೆಯಿಂದ ಹೊರಟವಳು ತನ್ನ ದೇಶದ ಖಜಾನೆಯ ಬಾಗಿಲಿಗೆ, ತನ್ನ ತಂದೆ ತಾಯಿ ಕಟ್ಟಿದ ತೆರಿಗೆಯ ಲೆಕ್ಕಕ್ಕೆ ಬಂದಳು. ತನ್ನ ಕಾಲೇಜಿನ ಭೋಜನಾಲಯದಲ್ಲಿ ಪಾತ್ರೆ ತೊಳೆಯುವ ಹೆಂಗಸು ಯಾವ ಊರಿನವಳಿರಬಹುದು ಎಂದು ಮೊದಲ ಸಲ ಯೋಚಿಸಿದಳು. ಹತ್ತು ದಿನದಲ್ಲಿ ಎಲ್ ಸಾಲ್ವಡೋರ್ ಅರ್ಥವಾಗುವುದಿಲ್ಲ. ಹಾಗೆ ಯಾರಾದರೂ ಹೇಳಿಕೊಂಡರೆ ನಂಬಬೇಡಿ. ಆದರೆ ತನ್ನ ಮನೆ ದೂರದಿಂದ ಹೇಗೆ ಕಾಣುತ್ತದೆ ಎಂಬುದನ್ನು ಅರಿಯಲು ಹತ್ತು ದಿನ ಸಾಕು. 'ಬಡವರು, ಆದರೆ ಸಂತೋಷ' ಎಂಬ ಮಾತಿನ ಅಪಾಯ ಇಲ್ಲೇ ಇದೆ. ಆ ಮಾತನ್ನು ಆಡಿದವನು ಮುಂದಿನ ಪ್ರಶ್ನೆ ಕೇಳುವುದಿಲ್ಲ. ಅವರು ಸಂತೋಷವಾಗಿದ್ದರೆ ನಾವು ಮಾಡಬೇಕಾದದ್ದು ಏನೂ ಇಲ್ಲವಲ್ಲ!

ಕೊಲೆಯಾದ ಗುರುಗಳ ಸ್ಥಾನದಲ್ಲಿ ಪಾಠ ಹೇಳಲು 1990ರಲ್ಲಿ ಅಮೆರಿಕದಿಂದ ಹೋದ ಡೀನ್ ಬ್ರ್ಯಾಕ್ಲಿ ಎಂಬ ಯೇಸುಸಭೆಯ ಗುರುಗಳು 2011ರಲ್ಲಿ ತೀರಿಕೊಳ್ಳುವವರೆಗೂ ಇಂಥ ವಿದ್ಯಾರ್ಥಿ ತಂಡಗಳನ್ನು ಭೇಟಿಯಾಗುತ್ತಿದ್ದರು. ಈ ಅನುಭವವನ್ನು ಅವರು ಪ್ರೇಮದಲ್ಲಿ ಬೀಳುವುದಕ್ಕೆ ಹೋಲಿಸುತ್ತಿದ್ದರು. ಕಾಲ ಕೆಳಗಿನ ನೆಲ ಅಲುಗಿ, ಯಾವುದು ಮುಖ್ಯ ಯಾವುದು ಅಲ್ಲ ಎಂಬ ಲೆಕ್ಕವೇ ಬದಲಾಗುತ್ತದೆ ಎಂಬುದು ಅವರ ಮಾತಿನ ಸಾರ. ಹೋಲಿಕೆ ಚೆನ್ನಾಗಿದೆ. ಮದುವೆ ಸಿದ್ಧತೆಯ ತರಗತಿ ನಡೆಸುವ ನನಗೆ ಇನ್ನೊಂದು ಮಾತು ಸೇರಿಸಬೇಕೆನಿಸುತ್ತದೆ. ಪ್ರೇಮದಲ್ಲಿ ಬಿದ್ದವರನ್ನು ಆರು ತಿಂಗಳು ಬಿಟ್ಟು ಮತ್ತೊಮ್ಮೆ ಮಾತನಾಡಿಸಬೇಕು!

ಬರಬೇಡಿ ಎಂದವರು

ಇಂಥ ಪ್ರವಾಸಗಳನ್ನು ಕಟುವಾಗಿ ಟೀಕಿಸಿದವರೂ ಇದ್ದಾರೆ. ವಿಯೆನ್ನಾದಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ಅಧ್ಯಯನ ಕೇಂದ್ರ ನಡೆಸಿದ ಇವಾನ್ ಇಲಿಚ್ 1968ರಲ್ಲಿ, ಬೇಸಿಗೆ ರಜೆಯಲ್ಲಿ ಸೇವೆಗೆಂದು ಮೆಕ್ಸಿಕೊಗೆ ಹೊರಟಿದ್ದ ಅಮೆರಿಕದ ಕಥೋಲಿಕ ವಿದ್ಯಾರ್ಥಿಗಳ ಮುಂದೆಯೇ ನಿಂತು, ನೀವು ಸಹಾಯ ಮಾಡಲು ಬರಬೇಡಿ ಎಂದರು. ಭಾಷೆ ಬಾರದ, ಊರು ತಿಳಿಯದ ಹುಡುಗರ ಸೇವೆಯಿಂದ ಬಡವರಿಗೆ ತೊಂದರೆಯೇ ಹೆಚ್ಚು ಎಂಬುದು ಅವರ ವಾದ. ಅಷ್ಟು ಕಠಿಣವಾಗಿ ಹೇಳಬೇಕಿತ್ತೇ ಎಂದು ಕೇಳಬಹುದು. ಆದರೆ ಅವರು ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ನೋಡಲು ಬನ್ನಿ, ಕಲಿಯಲು ಬನ್ನಿ ಎಂದೂ ಹೇಳಿದರು. ಕಲಿಯಲು ಹೋದವನು ಕಲಿಯುವವನಾಗಿಯೇ ಇದ್ದರೆ ಇಲಿಚ್ ಅವರ ಆಕ್ಷೇಪ ಅವನನ್ನು ತಾಗುವುದಿಲ್ಲ. ಒಂದು ಗೋಡೆಗೆ ಬಣ್ಣ ಬಳಿದು ದೇಶ ಉದ್ಧಾರ ಮಾಡಿದೆ ಎಂದುಕೊಂಡು ಬಂದರೆ ತಾಗುತ್ತದೆ.

ಚಿಕ್ಕ ಪ್ರವಾಸದಿಂದ ದೊಡ್ಡ ಪಾಠ ಕಲಿತವರಲ್ಲಿ ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಲೊಯೋಲಾ ಅವರೇ ಒಬ್ಬರು. 1523ರ ಸೆಪ್ಟೆಂಬರ್‌ನಲ್ಲಿ ಅವರು ಜೆರುಸಲೇಮ್ ತಲುಪಿದರು. ಅಲ್ಲಿಯೇ ಜೀವನಪೂರ್ತಿ ಇದ್ದು ಆತ್ಮಗಳ ಸೇವೆ ಮಾಡಬೇಕೆಂಬುದು ಅವರ ಹಂಬಲ. ಪವಿತ್ರ ಸ್ಥಳಗಳನ್ನು ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ಕನ್ ಸಭೆಯವರು ಒಪ್ಪಲಿಲ್ಲ. ಹಾಗೆ ಉಳಿದ ಕೆಲವರು ಸೆರೆ ಸಿಕ್ಕಿದ್ದರು, ಕೆಲವರು ಸತ್ತಿದ್ದರು. ಮೂರು ವಾರವೂ ತುಂಬುವ ಮೊದಲೇ ಇಗ್ನೇಷಿಯಸರು ಹೊರಡಬೇಕಾಯಿತು. ಹೊರಡುವ ಮುನ್ನ ಒಬ್ಬರೇ ಓಲಿವ್ ಗುಡ್ಡಕ್ಕೆ ಓಡಿ, ಕಾವಲಿನವರಿಗೆ ತಮ್ಮ ಚಾಕು ಕೊಟ್ಟು, ಪ್ರಭು ಸ್ವರ್ಗಾರೋಹಣವಾದಾಗ ಮೂಡಿದವೆಂದು ತೋರಿಸುವ ಹೆಜ್ಜೆ ಗುರುತುಗಳನ್ನು ನೋಡಿದರು. ಸ್ವಲ್ಪ ದೂರ ಹೋದ ಮೇಲೆ, ಬಲಗಾಲು ಯಾವ ಕಡೆಗಿತ್ತು, ಎಡಗಾಲು ಯಾವ ಕಡೆಗಿತ್ತು ಎಂದು ಸರಿಯಾಗಿ ಗಮನಿಸಲಿಲ್ಲವಲ್ಲ ಎಂದು ನೆನಪಾಯಿತು. ಮತ್ತೆ ಹತ್ತಿದರು! ಈ ಸಲ ಕಾವಲಿನವರಿಗೆ ಕೊಟ್ಟದ್ದು ಕತ್ತರಿಯನ್ನು.

ಈ ಪ್ರಸಂಗವನ್ನು ಓದಿ ನಗದವರಿಲ್ಲ. ಆದರೆ ಒಮ್ಮೆ ಕಂಡದ್ದನ್ನು ಮರಳಿ ನೋಡುವ ಆ ಚಡಪಡಿಕೆಯಲ್ಲೇ ಅವರು ಮುಂದೆ ಕಲಿಸಿದ ಆತ್ಮಶೋಧನೆಯ ಬೀಜವಿದೆ ಎಂದು ನನಗೆ ತೋರುತ್ತದೆ. ದಿನದ ಕೊನೆಗೆ ದೇವರಿಗೆ ಕೃತಜ್ಞತೆ ಹೇಳಿ, ಬೆಳಕು ಬೇಡಿ, ಗಂಟೆ ಗಂಟೆಯನ್ನೂ ಮರಳಿ ನೋಡಿ, ತಪ್ಪಿದ್ದಕ್ಕೆ ಕ್ಷಮೆ ಕೇಳಿ, ನಾಳೆಗೆ ನಿರ್ಧಾರ ಮಾಡುವ ಪ್ರಾರ್ಥನೆ ಅದು. ಅವರು ಸ್ಪೇನಿಗೆ ಹಿಂತಿರುಗಿ ಮಾಡಿದ್ದೇನು? ದಾರಿಯುದ್ದಕ್ಕೂ 'ಇನ್ನು ಏನು ಮಾಡಲಿ' ಎಂದು ಚಿಂತಿಸಿ, ಓದಬೇಕು ಎಂಬ ತೀರ್ಮಾನಕ್ಕೆ ಬಂದರು. ಮೂವತ್ತು ದಾಟಿದ ಆ ಮಾಜಿ ಸೈನಿಕ ಬಾರ್ಸಿಲೋನಾದಲ್ಲಿ ಲತೀನ್ ವ್ಯಾಕರಣ ಕಲಿಯಲು ಆರಂಭಿಸಿದರು.

ಮನೆಯಲ್ಲಿ ಏನು ಮಾಡಬಹುದು?

ತಂದೆ ತಾಯಂದಿರಿಗೆ ಕೆಲವು ಮಾತು. ಮಕ್ಕಳು ಬಂದ ದಿನವೇ ನೆಂಟರನ್ನೆಲ್ಲ ಕರೆದು ಕೂರಿಸಿ ಭಾಷಣ ಮಾಡಿಸಬೇಡಿ. ಮೊದಲ ದಿನ ಆಡಿದ ಮಾತನ್ನೇ ಹತ್ತು ಮನೆಯಲ್ಲಿ ಹೇಳಿದರೆ ಅದೇ ಗಟ್ಟಿಯಾಗಿ, ಮತ್ತೆ ಬದಲಾಗುವುದಿಲ್ಲ. ಒಂದು ವಾರ ಬಿಡಿ. ಆಮೇಲೆ ಒಂದು ಸಂಜೆ, ಜಪಸರದ ನಂತರ ಟಿ.ವಿ. ಹಾಕುವ ಮೊದಲು, ಫೋಟೋಗಳನ್ನು ಬದಿಗಿಟ್ಟು ಕೇಳಿ. ಅಲ್ಲಿ ನಿನಗೆ ನಾಚಿಕೆಯಾದದ್ದು ಯಾವಾಗ? ನಿನಗೆ ಅರ್ಥವಾಗದೆ ಉಳಿದದ್ದು ಯಾವುದು? ಅಲ್ಲಿಯವರು ನಮ್ಮ ಬಗ್ಗೆ ನಿನ್ನನ್ನು ಏನು ಕೇಳಿದರು, ನೀನು ಏನು ಉತ್ತರ ಕೊಟ್ಟೆ? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಜರ್ಮನಿಗೋ ಜಪಾನಿಗೋ ಹೋದ ನಮ್ಮ ಹುಡುಗಿಯನ್ನು ಯಾರಾದರೂ ಜಾತಿಯ ಬಗ್ಗೆ, ವರದಕ್ಷಿಣೆಯ ಬಗ್ಗೆ ಕೇಳಿರುತ್ತಾರೆ. ಅವಳು ಅಲ್ಲಿ ಕೊಟ್ಟ ಉತ್ತರವನ್ನು ನಮ್ಮ ಊಟದ ಮೇಜಿನ ಮುಂದೆ ಮತ್ತೊಮ್ಮೆ ಹೇಳಲಿ. ಆಗ ಅಣ್ಣನ ಮದುವೆ ಮಾತುಕತೆಯೂ ನಡುವೆ ಬಂದೀತು. ಬರಲಿ ಬಿಡಿ.

ಇನ್ನು ವಿದ್ಯಾರ್ಥಿಗಳಿಗೆ. ದಿನಚರಿ ಬರೆದಿದ್ದರೆ ಎಸೆಯಬೇಡಿ. ಆರು ತಿಂಗಳ ನಂತರ ತೆರೆದು, ಪುಟದ ಪಕ್ಕದಲ್ಲಿ ಬೇರೆ ಬಣ್ಣದ ಪೆನ್ನಿನಿಂದ ಈಗ ಅನಿಸುವುದನ್ನು ಬರೆಯಿರಿ. ಹೋದ ದೇಶದ ಚರಿತ್ರೆಯ ಒಂದು ಪುಸ್ತಕವನ್ನಾದರೂ ಗ್ರಂಥಾಲಯದಿಂದ ತಂದು ಓದಿ. ಹೋಗುವ ಮೊದಲು ಓದಿದರೆ ಒಳ್ಳೆಯದು, ಬಂದ ಮೇಲೆ ಓದಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕೂ ಮೊದಲು, ನಿಮ್ಮನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರಿಗೆ ಪತ್ರ ಬರೆಯಿರಿ. ಎಲ್ ಸಾಲ್ವಡೋರ್‌ನ ಅಜ್ಜಿಯಾಗಲಿ, ಜರ್ಮನಿಯ ದಂಪತಿಗಳಾಗಲಿ, ಹೊರಡುವ ದಿನ 'ಬರೆಯುತ್ತೇನೆ' ಎಂದು ಅಪ್ಪಿಕೊಂಡು ಹೇಳಿದ ಮಾತನ್ನು ನಂಬಿರುತ್ತಾರೆ. ಮೊಬೈಲಿನಲ್ಲಿ ಒಂದು ಹೂವಿನ ಚಿತ್ರ ಕಳುಹಿಸಿದರೆ ಸಾಲದು. ಅವರ ಭಾಷೆ ಬಾರದಿದ್ದರೆ ಬರುವವರಿಂದ ಬರೆಸಿ, ಕೆಳಗೆ ನಿಮ್ಮ ಕೈಯಲ್ಲೇ ಎರಡು ಸಾಲು ಕನ್ನಡದಲ್ಲಿ ಸೇರಿಸಿ, ಅಂಚೆಗೆ ಹಾಕಿ.